ಪಾಯಿಂಟ್ ಹೋದ ಮೇಲಿನ ಹತ್ತು ಸೆಕೆಂಡ್

ಬೆಂಗಳೂರಿನಲ್ಲಿ ಮಕ್ಕಳಿಗೆ ಕರಾಟೆ ಕಲಿಸುವುದು ನನ್ನ ಕೆಲಸ. ಸಂಜೆ ಶಾಲೆಯ ಹಾಲ್‌ನಲ್ಲಿ ಕ್ಲಾಸ್, ಭಾನುವಾರ ಬಂತೆಂದರೆ ಟೂರ್ನಮೆಂಟ್. ಕಂಠೀರವ, ಕೋರಮಂಗಲ ಒಳಾಂಗಣ ಕ್ರೀಡಾಂಗಣ, ಇಲ್ಲವಾದರೆ ಯಾವುದಾದರೂ ಕಲ್ಯಾಣ ಮಂಟಪ. ಅಪ್ಪ ಅಮ್ಮಂದಿರು ನನ್ನನ್ನು ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ: "ಸರ್, ಇವನಿಗೆ ಭಯ ಜಾಸ್ತಿ, ಹೋಗಿಸೋದು ಹೇಗೆ?"

ಇರಲಿ ಬಿಡಿ ಅನ್ನುತ್ತೇನೆ. ಬೌಟ್‌ಗೆ, ಅಂದರೆ ಒಂದು ಪಂದ್ಯಕ್ಕೆ, ಮುಂಚೆ ಎದೆ ಡವಡವ ಅನ್ನುವುದು, ಅಂಗೈ ಬೆವರುವುದು, ಪದೇಪದೇ ಬಾತ್‌ರೂಮಿಗೆ ಓಡುವುದು ಎಲ್ಲ ಮಾಮೂಲು. ರೆಫ್ರಿ 'ಹಾಜಿಮೆ' (ಶುರು ಮಾಡಿ) ಅಂದ ಕೂಡಲೇ ಅರ್ಧ ಭಯ ಇಳಿದುಹೋಗುತ್ತದೆ, ಎದುರಿಗೊಬ್ಬ ಹೊಡೆಯಲು ಬರುತ್ತಿರುವಾಗ ಹೆದರಿಕೊಂಡು ಕೂರಲು ಪುರುಸೊತ್ತಾದರೂ ಎಲ್ಲಿದೆ? 2014ರಲ್ಲಿ ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ ಭಾಷಣ, ಲೆಕ್ಕ ಇಂಥವುಗಳಲ್ಲಿ ಪ್ರಯೋಗ ಮಾಡಿ ನೋಡಿದ್ದರು. ಶಾಂತವಾಗಿರಲು ಹೆಣಗಿದವರಿಗಿಂತ, ನನಗೆ ಹುರುಪು ಬಂದಿದೆ ಅಂದುಕೊಂಡವರು ಚೆನ್ನಾಗಿ ಮಾಡಿದರಂತೆ. ಅದು ಕರಾಟೆಯ ಪ್ರಯೋಗ ಅಲ್ಲ, ಆದರೂ ಮ್ಯಾಟ್ ಪಕ್ಕದಲ್ಲಿ ನಾನು ನೋಡುವುದೂ ಹಾಗೇ ಇದೆ. 'ರಿಲ್ಯಾಕ್ಸ್ ಮಾಡ್ಕೋ' ಅಂತ ಹೇಳಿಸಿಕೊಂಡು ರಿಲ್ಯಾಕ್ಸ್ ಆದ ಮಗುವನ್ನು ನಾನಂತೂ ಕಂಡಿಲ್ಲ.

ಬೌಟ್ ಕೆಡುವುದು ಪಾಯಿಂಟ್ ಆದ ಮೇಲೆ. ಕುಮಿತೆಯಲ್ಲಿ, ಅಂದರೆ ಇಬ್ಬರು ಎದುರುಬದುರು ಆಡುವ ಕರಾಟೆಯಲ್ಲಿ, ಪಾಯಿಂಟ್ ಬಿದ್ದಾಗ ರೆಫ್ರಿ 'ಯಾಮೆ' ಅಂತ ನಿಲ್ಲಿಸುತ್ತಾರೆ, ಇಬ್ಬರೂ ತಮ್ಮ ಜಾಗಕ್ಕೆ ವಾಪಸ್ ಹೋಗಬೇಕು, ಪಾಯಿಂಟ್ ಹೇಳಿ ಮತ್ತೆ ಶುರು ಮಾಡಿಸುತ್ತಾರೆ. ಪಂಚ್‌ಗೆ ಒಂದು, ಮೈಗೆ ಕಿಕ್ ಬಿದ್ದರೆ ಎರಡು, ತಲೆಗೆ ಬಿದ್ದರೆ ಮೂರು. ಈಗ ಪಂಚ್ ತಿಂದ ಹುಡುಗನನ್ನು ನೋಡಿ. ಕೂಡಲೇ ತೀರಿಸಿಕೊಳ್ಳಬೇಕು ಅವನಿಗೆ. ಹಾಜಿಮೆ ಕೇಳಿದ್ದೇ ಗಾರ್ಡ್ ಬಿಟ್ಟು ನುಗ್ಗುತ್ತಾನೆ, ಎದುರಿನವನು ಅದಕ್ಕೇ ಕಾಯುತ್ತಾ ನಿಂತಿರುತ್ತಾನೆ, ಕಾಲು ಸೀದಾ ತಲೆಗೆ ಬರುತ್ತದೆ. 0-1 ಇದ್ದದ್ದು 0-4 ಆಯಿತು. ಪಾಯಿಂಟ್ ಗಳಿಸಿದವನ ಕಥೆಯೂ ಬೇರೆ ಅಲ್ಲ. ಅಪ್ಪ ನೋಡಿದರಾ ಅಂತ ಗ್ಯಾಲರಿ ಕಡೆ ಕಣ್ಣು ಹಾಯಿಸುತ್ತಾನೆ, ಮನಸ್ಸು ಅಲ್ಲೇ ಉಳಿಯುತ್ತದೆ, ಮುಂದಿನ ಪಂಚ್ ಇವನಿಗೆ. ಇನ್ನು ಕೆಲವರು ಮೊದಲ ಪಾಯಿಂಟ್‌ನ ಸೆನ್ಶು (ಸ್ಕೋರ್ ಸಮವಾದರೆ ಗೆಲುವು ಕೊಡುವ ಅನುಕೂಲ) ಸಿಕ್ಕ ಖುಷಿಯಲ್ಲಿ ಕೊನೆಯ ಹದಿನೈದು ಸೆಕೆಂಡ್ ಬರೀ ಓಡಾಡಿಕೊಂಡು ಕಳೆಯಲು ನೋಡುತ್ತಾರೆ. ಹಾಗೆ ತಪ್ಪಿಸಿಕೊಂಡು ಪೆನಾಲ್ಟಿ ಬಿದ್ದರೆ ಸೆನ್ಶುವೇ ಹೋಗುತ್ತದೆ, ಸ್ಕೋರ್ ಸಮ ಇದ್ದರೆ ಆಮೇಲೆ ಬೌಟ್ ಜಡ್ಜ್‌ಗಳ ಕೈಗೂ ಹೋಗಬಹುದು.

ಹಾಗಾಗಿ ಯಾಮೆಯಿಂದ ಮುಂದಿನ ಹಾಜಿಮೆವರೆಗಿನ ಹತ್ತು ಸೆಕೆಂಡನ್ನೂ ನಾವು ಕಿಕ್, ಪಂಚ್ ಥರವೇ ಪ್ರಾಕ್ಟೀಸ್ ಮಾಡುತ್ತೇವೆ. ತಿರುಗು, ನಿನ್ನ ಜಾಗಕ್ಕೆ ನಡಿ, ಓಡಬೇಡ. ಉಸಿರು ಉದ್ದಕ್ಕೆ ಬಿಡು, ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ. ಉಸಿರು ಬಿಡುವಾಗ ಎದೆಬಡಿತ ಸ್ವಲ್ಪ ಇಳಿಯುತ್ತದೆ, ಇದು ದೇಹದ ರೂಢಿ, ನಂಬಿಕೆಯ ವಿಷಯ ಅಲ್ಲ. ಆಮೇಲೆ ಮನಸ್ಸಿನಲ್ಲಿ ಒಂದು ಮಾತು. ಅದನ್ನು ಮಕ್ಕಳೇ ಆರಿಸಿಕೊಳ್ಳುತ್ತಾರೆ, 'ದೂರ', 'ಕೈ ಮೇಲೆ', ಹೀಗೆ. 'ಗೆಲ್ಲಬೇಕು' ಅನ್ನುವುದು ನಡೆಯುವುದಿಲ್ಲ, ಅದನ್ನು ಕೇಳಿ ಕೈಕಾಲು ಏನು ಮಾಡಬೇಕು ಹೇಳಿ?

ಸುಮ್ನೆ ನಿಂತು ಕಲಿತರೆ ಇದು ಬರುವುದಿಲ್ಲ, ಸಿಟ್ಟು ಬರಿಸಿಯೇ ಕಲಿಸಬೇಕು. ಸ್ಪಾರಿಂಗ್‌ನಲ್ಲಿ, ಅಂದರೆ ಅಭ್ಯಾಸದ ಬೌಟ್‌ನಲ್ಲಿ, ಸ್ಕೋರ್ 0-3, ಉಳಿದದ್ದು ಅರ್ಧ ನಿಮಿಷ ಅಂತ ಶುರು ಮಾಡಿಸುತ್ತೇನೆ. ಕೆಲವು ಸಲ ಬೇಕಂತಲೇ ತಪ್ಪು ತೀರ್ಪು ಕೊಡುತ್ತೇನೆ. "ಸರ್, ಅನ್ಯಾಯ! ನನ್ನ ಪಂಚ್ ಮೊದಲು ಬಿತ್ತು." "ಹೌದು, ಅನ್ಯಾಯವೇ. ಹಾಜಿಮೆ!" ಶುರುವಿನಲ್ಲಿ ಕಣ್ಣಲ್ಲಿ ನೀರು ಬರುತ್ತದೆ. ಕೆಲವು ವಾರ ಆದ ಮೇಲೆ ನನ್ನ ಮುಖ ನೋಡದೆ ಜಾಗಕ್ಕೆ ಹೋಗಿ ನಿಲ್ಲುತ್ತಾರೆ. ಟೂರ್ನಮೆಂಟ್‌ನಲ್ಲಿ ಜಡ್ಜ್ ಕಣ್ಣಿಗೆ ಬೀಳದ ಪಂಚ್ ಇದ್ದೇ ಇರುತ್ತದೆ, ರೆಫ್ರಿ ಕಡೆ ಎರಡೂ ಕೈ ಚಾಚಿ ನಿಂತ ಮಗು ಮುಂದಿನ ಪಾಯಿಂಟನ್ನೂ ಕೊಟ್ಟ ಹಾಗೆಯೇ.

ಸಿಟ್ಟಿಗೆ ಕರಾಟೆಯಲ್ಲಿ ಇನ್ನೊಂದು ದಂಡ ಇದೆ. ಕರಾಟೆ ಒಲಿಂಪಿಕ್ಸ್‌ನಲ್ಲಿ ಇದ್ದದ್ದು ಟೋಕಿಯೊದಲ್ಲಿ ಮಾತ್ರ. 2021ರ ಆಗಸ್ಟ್ 7ರಂದು, 75 ಕೆಜಿ ಮೇಲಿನ ಪುರುಷರ ಫೈನಲ್. ಸೌದಿಯ ತಾರೆಗ್ ಹಮೇದಿ 4-1 ಮುಂದಿದ್ದರು. ಅವರ ಕಿಕ್ ತಲೆಗೆ ಬಿದ್ದು ಇರಾನಿನ ಸಜ್ಜಾದ್ ಗಂಜ್‌ಜಾದೆ ಪ್ರಜ್ಞೆ ತಪ್ಪಿದರು. ಹೊಡೆತ ಮಿತಿ ಮೀರಿತೆಂದು ಹಮೇದಿಯನ್ನು ಅನರ್ಹಗೊಳಿಸಿದರು, ಸ್ಟ್ರೆಚರ್ ಮೇಲೆ ಹೋದವರಿಗೆ ಚಿನ್ನ ಬಂತು. ಹಮೇದಿಗೆ ಸಿಟ್ಟು ಬಂದಿತ್ತು ಅಂತ ನಾನು ಹೇಳುತ್ತಿಲ್ಲ, ಆ ವೇಗದಲ್ಲಿ ಯಾರಿಗೂ ಆಗಬಹುದು. ಆದರೆ ಆ ವಿಡಿಯೋ ತೋರಿಸಿದಾಗ ಕ್ಲಾಸ್‌ನಲ್ಲಿ ದೊಡ್ಡ ಜಗಳವೇ ಆಗುತ್ತದೆ, "ಹೊಡೆದವನು ಸೋತನಾ ಸರ್?" ಅಂತ. ಹೌದು ಕಣೋ. ಈ ಆಟದಲ್ಲಿ ಕೈಕಾಲನ್ನು ತಡೆಯುವುದಕ್ಕೂ ಬೆಲೆ ಇದೆ, ಸಿಟ್ಟಿನಲ್ಲಿ ಮೊದಲು ಕೈಕೊಡುವುದು ಆ ತಡೆಯೇ.

ಬೌಟ್ ನಡೆಯುವಾಗ ನನ್ನ ಪಾಲಿನ ಕೆಲಸ ಕೋಚ್ ಕುರ್ಚಿಯಲ್ಲಿ ಕೂರುವುದು. ಪಾಯಿಂಟ್ ಆದ ತಕ್ಷಣ ಮಗು ನೋಡುವುದು ಕೋಚ್ ಮುಖವನ್ನು. ನಾನು ತಲೆ ಚಚ್ಚಿಕೊಂಡರೆ ಕಲಿಸಿದ ಉಸಿರಾಟವೆಲ್ಲ ನೀರಲ್ಲಿ ಹೋಮ. ಕೈ ಮೊಣಕಾಲ ಮೇಲೆ, ಒಂದೇ ಮಾತು, ಅದೂ ಮಗು ಆರಿಸಿಕೊಂಡ ಮಾತು. ಗ್ಯಾಲರಿಯಿಂದ "ಹೊಡಿಯೋ, ಕಿಕ್ ಮಾಡೋ" ಅಂತ ಕೂಗುವ ಅಪ್ಪಂದಿರಿಗೆ ಮಗುವಿನ ಬೆನ್ನ ಹಿಂದೆ ಕೂರಿ ಅಂತ ಕೇಳಿಕೊಳ್ಳುತ್ತೇನೆ. ಎಲ್ಲರೂ ಕೇಳುವುದಿಲ್ಲ.

ಕಾಯುವುದು ಇನ್ನೊಂದು ತಲೆನೋವು. ಬೆಳಿಗ್ಗೆ ಎಂಟಕ್ಕೆ ಬನ್ನಿ ಅಂತಾರೆ, ನಮ್ಮ ಕೆಟಗರಿ ಕರೆಯುವುದು ಊಟ ಆದ ಮೇಲೆ. ಅಷ್ಟು ಹೊತ್ತು ಬೇರೆಯವರ ಬೌಟ್ ನೋಡುತ್ತಾ ಕೂತರೆ ಮಗು ಅಲ್ಲೇ ಸುಸ್ತು. ಇಡ್ಲಿ, ಬಾಳೆಹಣ್ಣು ತಿನ್ನಿಸಿ, ಗೋಡೆಗೆ ಒರಗಿ ಮಲಗಿ ಅನ್ನುತ್ತೇನೆ, ಕೆಲವು ಬೌಟ್ ಬಾಕಿ ಇದ್ದಾಗ ವಾರ್ಮ್ ಅಪ್.

ಇದೆಲ್ಲ ಎಲ್ಲರಿಗೂ ಹೊಂದುತ್ತದೆಯೇ ಅಂದರೆ, ಇಲ್ಲ. ನಮ್ಮಲ್ಲಿ ಒಬ್ಬಳು ಹುಡುಗಿ ಇದ್ದಾಳೆ, ಪಂಚ್ ತಿಂದ ಮೇಲೆಯೇ ಅವಳ ಆಟ ಶುರು. ಸಿಟ್ಟು ಬಂದರೆ ಕಾಲು ಚುರುಕಾಗುತ್ತದೆ, ಕಣ್ಣು ಮಾತ್ರ ಎದುರಾಳಿಯಿಂದ ಕದಲುವುದಿಲ್ಲ. ಅವಳಿಗೆ ಉಸಿರಾಟದ ಪಾಠ ಹೇಳಲು ಹೋಗಿಲ್ಲ. ಮುಖದ ಹತ್ತಿರ ಪಂಚ್ ನಿಲ್ಲಿಸುವ ಅಭ್ಯಾಸ ಮಾತ್ರ ಬೇರೆಯವರಿಗಿಂತ ಜಾಸ್ತಿ ಮಾಡಿಸುತ್ತೇನೆ, ಅದಕ್ಕೂ ಅವಳಿಗೆ ನನ್ನ ಮೇಲೆ ಸಿಟ್ಟಿದೆ.