ಗುಜರಿ ಸಾಮಾನಿನಲ್ಲಿ ಪುಟ್ಟ ಟೆಸ್ಲಾ ಕಾಯಿಲ್

ಟೆಸ್ಲಾ ಕಾಯಿಲ್ (ಕಡಿಮೆ ವೋಲ್ಟೇಜನ್ನು ಅತಿ ಹೆಚ್ಚಿಸಿ ಗಾಳಿಯಲ್ಲಿ ಕಿಡಿ ಹಾರಿಸುವ ಸುರುಳಿ) ಎಂದ ಕೂಡಲೇ ಹಳೆಯ ಮೈಕ್ರೋವೇವ್ ಓವನ್ನಿನ ಟ್ರಾನ್ಸ್‌ಫಾರ್ಮರ್ ಹುಡುಕಲು ಹೊರಡಬೇಡಿ. ಅದು ಸುಮಾರು 2,000 ವೋಲ್ಟ್ ಕೊಡುತ್ತದೆ, ಅದೂ ಜೀವ ತೆಗೆಯಲು ಸಾಕಾಗಿ ಮಿಗುವಷ್ಟು ಕರೆಂಟಿನ ಜೊತೆ. ಮೊದಲ ಕಾಯಿಲ್ 12 ವೋಲ್ಟಿನಲ್ಲಿ ನಡೆಯುವಂಥದ್ದೇ ಆಗಿರಲಿ. ಒಂದು ಟ್ರಾನ್ಸಿಸ್ಟರ್, ಒಂದು ರೆಸಿಸ್ಟರ್, ಒಂದು ಡಯೋಡ್, ಎರಡು ಸುರುಳಿ ಇದ್ದರೆ ಆಯಿತು. 'ಸ್ಲೇಯರ್ ಎಕ್ಸೈಟರ್' ಎಂಬ ಈ ಸರ್ಕ್ಯೂಟಿಗೆ ಬೇಕಾದ್ದೆಲ್ಲ ಕೆಟ್ಟ ಆಂಪ್ಲಿಫಯರ್, ಸಿಎಫ್‌ಎಲ್, ರೌಟರ್ ಅಡಾಪ್ಟರುಗಳಲ್ಲೇ ಸಿಗುತ್ತದೆ. ಬೆಂಗಳೂರಿನವರಿಗೆ ಎಲೆಕ್ಟ್ರಾನಿಕ್ ಬಿಡಿಭಾಗಗಳ ಮಾರುಕಟ್ಟೆ ಎಸ್.ಪಿ. ರೋಡ್ ಇದ್ದೇ ಇದೆ.

ಸಮಯ ಕೊಡಬೇಕಾದದ್ದು ಸೆಕೆಂಡರಿಗೆ, ಅಂದರೆ ಹೆಚ್ಚಿನ ವೋಲ್ಟೇಜ್ ಹುಟ್ಟುವ ದೊಡ್ಡ ಸುರುಳಿಗೆ. 32 ಮಿ.ಮೀ. ಹೊರವ್ಯಾಸದ ಪಿವಿಸಿ ಪೈಪ್ 18 ಸೆಂ.ಮೀ. ಉದ್ದ ಕತ್ತರಿಸಿ, ಮೇಲಿನ ಅಚ್ಚಿನ ಅಕ್ಷರಗಳನ್ನು ಪಾಲಿಶ್ ಪೇಪರಿನಿಂದ ಉಜ್ಜಿ ತೆಗೆದು, ಒರೆಸಿ ಒಣಗಿಸಿ. ಎನಾಮಲ್ ಹಚ್ಚಿದ ತಾಮ್ರದ ತಂತಿ ಬೇಕು, 36 ಗೇಜಿನದು, ಅಂದರೆ ಸುಮಾರು 0.19 ಮಿ.ಮೀ. ದಪ್ಪ. ಸೀಲಿಂಗ್ ಫ್ಯಾನ್ ಕಟ್ಟುವ ಮೋಟಾರ್ ವೈಂಡಿಂಗ್ ಅಂಗಡಿಗಳಲ್ಲಿ ರೀಲಿನ ಕೊನೆಯಲ್ಲಿ ಉಳಿದ ತಂತಿ ಕೇಳಿ. ನಮಗೆ ಬೇಕಿರುವುದು 20 ಗ್ರಾಂ ಒಳಗೆ. ಸುಟ್ಟ ಫ್ಯಾನಿನ ತಂತಿ ಬಿಚ್ಚುವ ಗೋಜಿಗೆ ಹೋಗಬೇಡಿ. ವಾರ್ನಿಶ್ ಹಿಡಿದು ಅಂಟಿಕೊಂಡಿರುತ್ತದೆ, ಎಳೆದರೆ ಎನಾಮಲ್ ಏಳುತ್ತದೆ, ಕಣ್ಣಿಗೆ ಕಾಣದ ಆ ಗೀರೇ ಮುಂದೆ ಶಾರ್ಟ್ ಆಗುತ್ತದೆ.

600 ಸುತ್ತು ಸುತ್ತಿ. ಸುರುಳಿಯ ಎತ್ತರ 13 ಸೆಂ.ಮೀ. ಆಸುಪಾಸು ಬರುತ್ತದೆ, ತಂತಿ ಸುಮಾರು 60 ಮೀಟರ್ ಹಿಡಿಯುತ್ತದೆ. ಒಂದು ಸುತ್ತಿನ ಪಕ್ಕಕ್ಕೆ ಇನ್ನೊಂದು ಕೂರಬೇಕೇ ಹೊರತು ಮೇಲೆ ಹತ್ತಬಾರದು. ಹತ್ತಿದರೆ, ದೂರ ಇರಬೇಕಾದ ಸುತ್ತುಗಳು ಹತ್ತಿರ ಬಂದು ಅಲ್ಲೇ ಕಿಡಿ ಹಾರಿ ಎನಾಮಲ್ ಸುಡುತ್ತದೆ. ಕೈ ಬಿಡುವಾಗಲೆಲ್ಲ ಟೇಪ್ ಹಚ್ಚಿ ನಿಲ್ಲಿಸಿ. ಮೇಲಿನ ತುದಿಯನ್ನು ಪೈಪಿನ ಒಳಗಿನಿಂದ ಕೆಳಕ್ಕೆ ತರಬೇಡಿ, ಕಿಡಿ ಒಳಗೇ ಹಾರುತ್ತದೆ. ಮುಗಿದ ಮೇಲೆ ಎರಡು ತುದಿ ಕೆರೆದು ಮಲ್ಟಿಮೀಟರ್ ಇಡಿ: 35 ಓಮ್ ಹತ್ತಿರ ಇರಬೇಕು. ತೀರಾ ಕಡಿಮೆ ಇದ್ದರೆ ತಂತಿ ದಪ್ಪ ಅಥವಾ ಸುತ್ತು ಕಡಿಮೆ, ಏನೂ ತೋರಿಸದಿದ್ದರೆ ಎಲ್ಲೋ ತುಂಡಾಗಿದೆ. ಸರಿ ಇದ್ದರೆ ತೆಳುವಾಗಿ ಎರಡು ಕೋಟ್ ವಾರ್ನಿಶ್ ಹಚ್ಚಿ, ಪೂರ್ತಿ ಒಣಗಲು ಬಿಡಿ.

ಈ ಸುರುಳಿಯ ಇಂಡಕ್ಟೆನ್ಸ್ ಸುಮಾರು 2.5 ಮಿಲಿಹೆನ್ರಿ. ಬರೀ ಸುರುಳಿ 2 ಮೆಗಾಹರ್ಟ್ಸ್ ಹತ್ತಿರ ಅನುರಣಿಸುತ್ತದೆ, ಅಂದರೆ ಆ ಆವರ್ತನದಲ್ಲಿ ಅದರ ವಿದ್ಯುತ್ ಕಂಪನ ಅತಿ ಜೋರಾಗಿರುತ್ತದೆ. ಟೇಬಲ್ ಟೆನಿಸ್ ಚೆಂಡಿಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಮೇಲಿನ ತುದಿಗೆ ಜೋಡಿಸಿದರೆ ಸುಮಾರು 2 ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಸೇರಿ ಆವರ್ತನ 1.5 ಮೆಗಾಹರ್ಟ್ಸಿಗೆ ಇಳಿಯುತ್ತದೆ. ಬಹಳ ಜನ ಈ ಚೆಂಡನ್ನು ಅಲಂಕಾರ ಎಂದುಕೊಳ್ಳುತ್ತಾರೆ. ಆದರೆ ಟ್ರಾನ್ಸಿಸ್ಟರ್ ತಣ್ಣಗಿರುವುದೋ ಸುಡುವುದೋ ಎಂಬುದು ಬಹುಮಟ್ಟಿಗೆ ಈ ಆವರ್ತನದ ಮೇಲೆ ನಿಂತಿದೆ. ಇಲ್ಲಿ ಬಳಸುವ ಟಿಐಪಿ31ಸಿ ಟ್ರಾನ್ಸಿಸ್ಟರಿನ ಡೇಟಾಶೀಟಿನಲ್ಲಿ ಟ್ರಾನ್ಸಿಶನ್ ಫ್ರೀಕ್ವೆನ್ಸಿ (ಗೇನ್, ಅಂದರೆ ಸಿಗ್ನಲನ್ನು ವರ್ಧಿಸುವ ಶಕ್ತಿ, 1ಕ್ಕೆ ಇಳಿಯುವ ಆವರ್ತನ) ಕನಿಷ್ಠ 3 ಮೆಗಾಹರ್ಟ್ಸ್ ಎಂದಿದೆ. 2 ಮೆಗಾಹರ್ಟ್ಸಿನಲ್ಲಿ ಅದಕ್ಕೆ ಗೇನ್ ಉಳಿಯುವುದೇ ಇಲ್ಲ ಎನ್ನಬಹುದು. ಅರ್ಧ ಆನ್, ಅರ್ಧ ಆಫ್ ಆಗಿ ನಿಂತು ಬಿಸಿಯಾಗುತ್ತದೆ. ಹಳೆಯ ಆಂಪ್ಲಿಫಯರ್ ಬೋರ್ಡಿನಲ್ಲಿ ಬಿಡಿ139 ಸಿಕ್ಕರೆ ಅದು ಇನ್ನೂ ವೇಗದ್ದು, ಆದರೆ 1.5 ಆಂಪಿಯರ್ ಮೀರಬಾರದು. ದೊಡ್ಡ ಲೋಹದ ಟೋಪಿಯ 2ಎನ್3055 ಎಷ್ಟೇ ಗಟ್ಟಿಯಾಗಿ ಕಂಡರೂ ಇಲ್ಲಿಗೆ ನಿಧಾನ. ಯುಪಿಎಸ್ ಬೋರ್ಡಿನ ಐಆರ್‌ಎಫ್‌ಝಡ್44ಎನ್ ಮಾಸ್‌ಫೆಟ್ (ಬೇರೆ ಬಗೆಯ ಟ್ರಾನ್ಸಿಸ್ಟರ್) ಕೂಡ ಬೇಡ, ಅದರ ಗೇಟ್ ಎಂಬ ಕಾಲಿಗೆ ಚಾರ್ಜ್ ತುಂಬಿಸುವಷ್ಟು ಶಕ್ತಿ ಈ ಸರಳ ಸರ್ಕ್ಯೂಟಿಗಿಲ್ಲ.

ಕಂಪ್ಯೂಟರ್ ಎಸ್‌ಎಂಪಿಎಸ್ (ಪವರ್ ಸಪ್ಲೈ ಡಬ್ಬಿ) ಬಿಚ್ಚಿ, ಟ್ರಾನ್ಸಿಸ್ಟರಿನ ಬಿಸಿ ಹೀರುವ ಲೋಹದ ತುಂಡಾದ ಹೀಟ್‌ಸಿಂಕ್ ತೆಗೆಯುವವರು ಗಮನಿಸಿ: ಒಳಗಿನ ದೊಡ್ಡ ಕೆಪಾಸಿಟರುಗಳಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು. ಪ್ಲಗ್ ಕಿತ್ತು ಬಿಟ್ಟು, ಆಮೇಲೆ ರೆಸಿಸ್ಟರ್ ಇಟ್ಟು ಖಾಲಿ ಮಾಡಿ, ಮೀಟರಿನಲ್ಲಿ ನೋಡಿಯೇ ಕೈ ಹಾಕಿ.

ಜೋಡಣೆ ಹೀಗೆ (ಕಲೆಕ್ಟರ್, ಬೇಸ್, ಎಮಿಟರ್ ಎಂಬುವು ಟ್ರಾನ್ಸಿಸ್ಟರಿನ ಮೂರು ಕಾಲುಗಳು). 12 ವೋಲ್ಟ್ ಅಡಾಪ್ಟರಿನ ಪ್ಲಸ್‌ನಿಂದ ಪ್ರೈಮರಿ (ಕೆಲವೇ ಸುತ್ತಿನ ಇನ್ನೊಂದು ಸುರುಳಿ), ಅಲ್ಲಿಂದ ಕಲೆಕ್ಟರ್. ಎಮಿಟರ್ ಮೈನಸ್‌ಗೆ. ಪ್ಲಸ್‌ನಿಂದ 22 ಕಿಲೋಓಮ್ ರೆಸಿಸ್ಟರ್ ಬೇಸ್‌ಗೆ, ಸೆಕೆಂಡರಿಯ ಕೆಳತುದಿಯೂ ಬೇಸ್‌ಗೆ. 1ಎನ್4148 ಡಯೋಡಿನ ಪಟ್ಟಿ ಇರುವ ಕಡೆ ಬೇಸ್‌ಗೆ, ಇನ್ನೊಂದು ಕಡೆ ಎಮಿಟರ್‌ಗೆ. ಬೇಸ್ ಸಾಮಾನ್ಯವಾಗಿ ಉಲ್ಟಾ 5 ವೋಲ್ಟಿಗಿಂತ ಹೆಚ್ಚು ತಡೆಯದ ಕಾರಣ ಈ ಡಯೋಡ್ ಬೇಕೇ ಬೇಕು. 1ಎನ್4007 ಹಾಕಬೇಡಿ, ಈ ಆವರ್ತನಕ್ಕೆ ಅದು ತೀರಾ ನಿಧಾನ. ಪ್ರೈಮರಿಗೆ ಮನೆ ವೈರಿಂಗಿನ 1 ಚದರ ಮಿ.ಮೀ. ವೈರ್ 4 ಸುತ್ತು ಸಾಕು. ಸೆಕೆಂಡರಿಯ ತಳದಲ್ಲಿ, ಸುತ್ತಲೂ 5 ಮಿ.ಮೀ. ಬಿಟ್ಟು ಸುತ್ತಿ. ಪ್ಲಸ್-ಮೈನಸ್ ನಡುವೆ, ಸರ್ಕ್ಯೂಟಿಗೆ ಹತ್ತಿರವೇ, 1000 ಮೈಕ್ರೋಫ್ಯಾರಡ್ ಮತ್ತು 0.1 ಮೈಕ್ರೋಫ್ಯಾರಡ್ ಕೆಪಾಸಿಟರುಗಳಿರಲಿ. ಅಡಾಪ್ಟರಿನ ಪ್ಲಸ್ ದಾರಿಯಲ್ಲಿ ಬೈಕ್ ಇಂಡಿಕೇಟರಿನ 12 ವೋಲ್ಟ್ ಬಲ್ಬ್ ಸೇರಿಸಿ. ಟ್ರಾನ್ಸಿಸ್ಟರ್ ಶಾರ್ಟ್ ಆದರೆ ಬಲ್ಬ್ ಉರಿಯುತ್ತದೆ, ಬೇರೇನೂ ಸುಡುವುದಿಲ್ಲ. ಟಿಐಪಿ31ಸಿಯ ಲೋಹದ ಬೆನ್ನು ಕಲೆಕ್ಟರ್ ಆದ್ದರಿಂದ ಹೀಟ್‌ಸಿಂಕ್ ಯಾವುದಕ್ಕೂ ತಾಗದಿರಲಿ.

ಸರ್ಕ್ಯೂಟ್ ಕೆಟ್ಟರೂ ಟ್ಯೂಬ್ ಒಡೆಯದ ಸಿಎಫ್‌ಎಲ್ ಒಂದನ್ನು ಗಾಜಿನ ಭಾಗ ಹಿಡಿದು ಹತ್ತಿರ ತನ್ನಿ. ಐದು-ಹತ್ತು ಸೆಂ.ಮೀ. ದೂರದಲ್ಲೇ ಮಿನುಗಬೇಕು. ಮಿನುಗದಿದ್ದರೆ ಮೊದಲು ಪ್ರೈಮರಿಯ ಎರಡು ತುದಿ ಅದಲುಬದಲು ಮಾಡಿ, ಹೆಚ್ಚಿನ ಸಲ ತೊಂದರೆ ಅದೇ. ಆಗಲೂ ಇಲ್ಲವೆಂದರೆ ರೆಸಿಸ್ಟರನ್ನು 10 ಕಿಲೋಓಮ್‌ಗೆ ಇಳಿಸಿ. ಮಿನುಗುತ್ತದೆ ಆದರೆ ಟ್ರಾನ್ಸಿಸ್ಟರ್ ಅರ್ಧ ನಿಮಿಷದಲ್ಲೇ ಮುಟ್ಟಲಾರದಷ್ಟು ಕಾದರೆ ಚೆಂಡು ಸರಿಯಾಗಿ ಜೋಡಿಸಿದೆಯೇ ನೋಡಿ, ಪ್ರೈಮರಿಗೆ ಒಂದು ಸುತ್ತು ಸೇರಿಸಿ. ಮೇಲೆ ಸೂಜಿ ಸಿಕ್ಕಿಸಿದರೆ ಸಣ್ಣ ನೇರಳೆ ಕಿಡಿ ಕಾಣುತ್ತದೆ. ಅದಕ್ಕೆ ಬೆರಳೊಡ್ಡಬೇಡಿ: ಶಾಕ್ ಹೊಡೆದಂತೆ ಅನಿಸದಿದ್ದರೂ ಚರ್ಮ ಚುಕ್ಕಿಯಾಗಿ ಸುಡುತ್ತದೆ. ಪೇಸ್‌ಮೇಕರ್ ಇರುವವರು ಆ ಕೋಣೆಯಲ್ಲೇ ಇರಬಾರದು.

1.5 ಮೆಗಾಹರ್ಟ್ಸ್ ಮೀಡಿಯಂ ವೇವ್ ಬ್ಯಾಂಡಿನ ಒಳಗೇ ಬರುತ್ತದೆ. ಪಾಕೆಟ್ ರೇಡಿಯೋ ಇದ್ದರೆ 1400ರಿಂದ 1600 ಕಿಲೋಹರ್ಟ್ಸ್ ನಡುವೆ ತಿರುಗಿಸಿ. ಕೊರಕೊರ ಸದ್ದು ಅಡಗಿ ಗುಂಯ್‌ಗುಡುವ ಜಾಗವೇ ನಿಮ್ಮ ಕಾಯಿಲಿನ ಆವರ್ತನ. ಅಕ್ಕಪಕ್ಕದವರ ರೇಡಿಯೋಗೂ ಅದೇ ಸದ್ದು ಹೋಗುವುದರಿಂದ ಒಂದು ಸಲಕ್ಕೆ ಅರ್ಧ ನಿಮಿಷಕ್ಕಿಂತ ಹೆಚ್ಚು ಓಡಿಸಬೇಡಿ.