ಒಂದು ಮೈಲಿ ಅಂದರೆ ಎಷ್ಟು ಬಸ್‌ಸ್ಟಾಪು?

36 ಪ್ರಶ್ನೆಗಳ ಇಂಗ್ಲಿಷ್ ಆರೋಗ್ಯ ಪ್ರಶ್ನಾವಳಿ ಎಸ್‌ಎಫ್-36 ಅನ್ನು ಕೊರಿಯನ್ ಮಾತಾಡುವ ಹಿರಿಯರಿಗೆ ಹೊಂದಿಸಲು ನಿಘಂಟು ಸಾಲದು. ಎಷ್ಟು ದೂರ ನಡೆಯಬಲ್ಲಿರಿ ಎಂಬ ಪ್ರಶ್ನೆಯ 'ಒಂದು ಮೈಲಿ'ಯನ್ನು 1.6 ಕಿ.ಮೀ. ಮಾಡಿದರೆ ಲೆಕ್ಕವೇನೋ ಸರಿ, ಅಜ್ಜಿಗೆ ಅಂದಾಜು ಸಿಗಬೇಕಲ್ಲ! ಬಸ್‌ಸ್ಟಾಪುಗಳ ಲೆಕ್ಕದಲ್ಲಿ ಕೇಳಿದರೆ ಸುಲಭ. ಮಧ್ಯಮ ಶ್ರಮದ ಚಟುವಟಿಕೆಗೆ ಕೊಟ್ಟಿರುವ ಗಾಲ್ಫ್, ಬೌಲಿಂಗ್ ಉದಾಹರಣೆ ಇನ್ನೂ ಅಪಾಯ: ಎಂದೂ ಆಡದವರು 'ಆಗಲ್ಲ' ಎಂದು ಗುರುತು ಹಾಕಿದರೆ ಗಟ್ಟಿಮುಟ್ಟಾದವರ ಅಂಕವೂ ಇಳಿಯುತ್ತದೆ. ಕ್ರಿಯಾಪದದಲ್ಲಿ ಗೌರವಸೂಚಕ 'ಸಿ' ಬಿಟ್ಟರೆ ಹಿರಿಯರಿಗೆ ಏಕವಚನದಲ್ಲಿ ಕೇಳಿದ ಹಾಗೆ.

ಮನಸ್ಸಿನ ಪ್ರಶ್ನೆಗಳೇ ನಿಜವಾದ ತಲೆನೋವು. 'ಖಿನ್ನತೆ ಇದೆಯೇ' ಎಂದರೆ ಇಲ್ಲ ಎನ್ನುವವರು 'ಎದೆ ಕಟ್ಟಿದಂತಾಗುತ್ತದೆಯೇ' ಎಂದರೆ ತಲೆಯಾಡಿಸಬಹುದು. ನಮ್ಮಲ್ಲೂ 'ಎದೆ ಭಾರ' ಅಂತೀವಲ್ಲ, ಹಾಗೆ. ಆದರೆ ಆ ಮಾತು ಹಾಕಿದರೆ ಹೃದ್ರೋಗಿಗಳ ಉತ್ತರವೂ ಅದರಲ್ಲೇ ಬೆರೆತುಹೋಗುತ್ತದೆ. ಅನುವಾದವನ್ನು ಮತ್ತೆ ಇಂಗ್ಲಿಷಿಗೆ ತಂದು ಮೂಲಕ್ಕೆ ಹೋಲಿಸುವ ಮರು-ಅನುವಾದದಲ್ಲಿ ಇದು ಕಾಣುವುದಿಲ್ಲ. ಹಿರಿಯರ ಎದುರೇ ಕೂತು, ಪ್ರತಿ ಪ್ರಶ್ನೆಯನ್ನೂ ಅವರ ಮಾತಲ್ಲೇ ಮತ್ತೆ ಹೇಳಿಸಬೇಕು.