ಕೋಡಿಂಗ್ ಕಾರ್ಡ್ ಪೆಟ್ಟಿಗೆ: ಮೊಣಕೈ ಕೊನೆಗೂ ದಾರಿಗೆ ಬಂತು

ಮೆಡಿಕಲ್ ಕೋಡಿಂಗ್, ಅಂದರೆ ರೋಗ, ಪೆಟ್ಟುಗಳಿಗೆ ಕೋಡ್ ಬರೆಯೋದು. ಅದರ ಅಭ್ಯಾಸಕ್ಕೆ ಕಾರ್ಡ್ ಆಟ ಮಾಡ್ತಿದ್ದೇನೆ, ದೇಹದ ಒಂದೊಂದು ಭಾಗಕ್ಕೆ ಒಂದೊಂದು ಪೆಟ್ಟಿಗೆ. ಭುಜ ಬೇಗ ಮುಗಿದಿತ್ತು. ಮೊಣಕೈಯಲ್ಲೂ ಹೊಸ ಮುರಿತದ ಕಾರ್ಡ್‌ಗಳು ಸಲೀಸು. ಸತಾಯಿಸಿದ್ದು ಸೀಕ್ವೆಲಾ. ಮೂಳೆ ಕೂಡಿ, ಪ್ಲಾಸ್ಟರ್ ಬಿಚ್ಚಿ, ವರ್ಷಗಳಾದ ಮೇಲೂ ಉಳಿಯುವ ತೊಂದರೆ.

ನಮ್ಮ ಸರಸ್ವತಿಪುರಂ ಗುಂಪಿನ ಅಭ್ಯಾಸಕ್ಕೆ ಒಂದು ಕೇಸ್ ಕಟ್ಟಿದ್ದೆ. ಹುಡುಗ ಚಿಕ್ಕವನಿದ್ದಾಗ ಸೀಬೆ ಮರದಿಂದ ಬಿದ್ದ. ಬಲ ಮೊಣಕೈಗೆ ಸುಪ್ರಾಕಾಂಡೈಲರ್ ಮುರಿತ, ಅಂದರೆ ತೋಳಿನ ಮೂಳೆ ಮೊಣಕೈಗೆ ಸ್ವಲ್ಪ ಮೇಲೆ ಮುರಿದಿತ್ತು. ಈಗ ಮೂಳೆ ಚೆನ್ನಾಗಿದೆ, ಆದರೆ ಕೈ ಬಿಗಿದುಕೊಂಡಿದೆ, ಪೂರ್ತಿ ಚಾಚೋಕೆ ಆಗಲ್ಲ. ಎಲ್ಲರೂ ಆ ಮುರಿತದ ಕೋಡ್ ಎಸ್42.411ಎಸ್ ಬರೆದು ಪೆನ್ ಕೆಳಗಿಟ್ಟರು. ಸೀಕ್ವೆಲಾ ಅಂತ ಹೇಳುವ ಕೊನೆಯ ಎಸ್ ಸರಿಯಾಗೇ ಇತ್ತು. ಆದರೆ ಹುಡುಗ ಡಾಕ್ಟರ್ ಹತ್ತಿರ ಬಂದಿದ್ದೇ ಬಿಗಿತಕ್ಕೆ, ಅದರ ಕೋಡೇ ಇಲ್ಲ!

ಐಸಿಡಿ-10-ಸಿಎಂ (ಅಮೆರಿಕದ ಕೋಡ್ ಪಟ್ಟಿ) ನಿಯಮದಲ್ಲಿ ಈಗಿನ ತೊಂದರೆ ಮೊದಲು: ಎಂ25.621, ಬಲ ಮೊಣಕೈ ಬಿಗಿತ. ಹಳೇ ಮುರಿತ ಆಮೇಲೆ, ಕೊನೆಯ ಎಸ್ ಅದಕ್ಕೆ ಮಾತ್ರ. ಇದನ್ನು ಬಾಯಲ್ಲಿ ಎಷ್ಟು ಹೇಳಿದರೂ ನಿಲ್ಲಲಿಲ್ಲ. ಹಾಗಾಗಿ ಕಾರ್ಡನ್ನೇ ಮಡಚುವ ಹಾಗೆ ಮಾಡಿದೆ. ಮೇಲಿನ ಅರ್ಧದಲ್ಲಿ ‘ಈಗ ಏನಾಗ್ತಿದೆ?’ ಅದಕ್ಕೆ ಕೋಡ್ ಬರೆದ ಮೇಲಷ್ಟೇ ಕೆಳಗಿನ ಮಡಿಕೆ ಬಿಚ್ಚಬೇಕು, ಅಲ್ಲಿ ‘ಯಾವ ಪೆಟ್ಟಿನಿಂದ?’ ಈ ಭಾನುವಾರ ಯಾರೂ ತಪ್ಪಲಿಲ್ಲ. ಎಷ್ಟು ಖುಷಿಯಾಯ್ತು ಗೊತ್ತಾ!

ಮೇಲಿನ ಅರ್ಧವೇ ಈಗ ಆಟದ ಜೀವ. ಡಾಕ್ಟರ್ ಕಾಂಟ್ರಾಕ್ಚರ್ (ಕೀಲು ಸೆಟೆದು ಮಡಚಿಕೊಂಡಿರೋದು) ಅಂತ ಬರೆದಿದ್ದರೆ ಎಂ24.521. ಅದರ ಜೊತೆ ಎಂ25.621 ಹಾಕೋ ಹಾಗಿಲ್ಲ, ಎರಡು ಕೋಡ್ ಒಟ್ಟಿಗೆ ಬೇಡ ಅನ್ನುವ ಪುಸ್ತಕದ ಸೂಚನೆ, ಎಕ್ಸ್‌ಕ್ಲೂಡ್ಸ್ 1, ತಡೆಯುತ್ತದೆ. ಹಳೇ ಪೆಟ್ಟಿನಿಂದ ಅಲ್ನಾರ್ ನರಕ್ಕೆ (ಮೊಣಕೈ ಹಿಂದಿನಿಂದ ಕಿರುಬೆರಳಿಗೆ ಹೋಗುವ ನರ) ತೊಂದರೆ ಉಳಿದು ಬಲಗೈ ಕಿರುಬೆರಳು ಜೋಮು ಹಿಡಿಯುತ್ತಿದ್ದರೆ ಜಿ56.21. ಮೂಳೆ ಸೊಟ್ಟ ಕೂಡಿ ಅದಕ್ಕೇ ಚಿಕಿತ್ಸೆ ನಡೀತಿದ್ದರೆ ಮುರಿತದ ಕೋಡ್‌ಗೆ ಎಸ್ ಅಲ್ಲ, ಪಿ. ಕೂಡದೇ ಇದ್ದರೆ ಕೆ. ಇವು ಎಸ್42ರ ಮುರಿತಗಳಿಗೆ. ಈ ಕಾರ್ಡ್‌ಗಳಿಗೆ ಕೆಂಪು ಮೂಲೆ.

ಪ್ರಿಂಟಿಂಗ್ ಅಂಗಡಿಯವರ ಮೇಲೆ ಮಾತ್ರ ಸಿಟ್ಟಿದೆ. ಅವರ ಫಾಂಟ್‌ನಲ್ಲಿ ಎಸ್ ಯಾವುದು, 5 ಯಾವುದು ಗೊತ್ತಾಗಲ್ಲ. ಎಸ್42.411ಎಸ್ ಹೋಗಿ 542.4115 ಅಂತ ಕಾಣುತ್ತೆ. ಪ್ರೂಫ್ ತೋರಿಸದೆ ಲ್ಯಾಮಿನೇಷನ್ ಬೇರೆ ಮಾಡಿಬಿಟ್ಟರು. ದುಡ್ಡು ವಾಪಸ್ ಇಲ್ಲವಂತೆ. ಕೋಡ್ ಅಚ್ಚು ಹಾಕಿಸುವವರು ಎಸ್, 5 ಬೇರೆ ಬೇರೆ ಕಾಣುವ ಫಾಂಟ್ ಕೇಳಿ, ಪ್ರೂಫ್ ನೋಡದೆ ದುಡ್ಡು ಕೊಡಬೇಡಿ.

ಮುಂದಿನ ಪೆಟ್ಟಿಗೆ ಮಣಿಕಟ್ಟು. ಕೋಲೀಸ್ ಮುರಿತ (ಮುಂಗೈ ಮೂಳೆ ಮಣಿಕಟ್ಟಿನ ಹತ್ತಿರ ಮುರಿಯೋದು) ಈಗಲೇ ತಲೆ ತಿನ್ನುತ್ತಿದೆ. ನಮ್ಮ ಬಾಯಲ್ಲಿ ಅದು ಮಣಿಕಟ್ಟಿನ ಮುರಿತ, ಪುಸ್ತಕದಲ್ಲಿ ಎಸ್52, ಅಂದರೆ ಮುಂಗೈ. ಡಬ್ಲ್ಯೂಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) ಮೂಲ ಐಸಿಡಿ-10ರಲ್ಲಿ ಕೊನೆಯ ಎಸ್ ಇಲ್ಲವೇ ಇಲ್ಲ. ಅಲ್ಲಿ ಕೋಲೀಸ್ ಸೀಕ್ವೆಲಾ ಟಿ92.1ಕ್ಕೆ (ತೋಳಿನ ಮುರಿತದ ಸೀಕ್ವೆಲಾ) ಹೋಗುತ್ತದೆ, ನಮ್ಮ ಮೊಣಕೈ ಹುಡುಗನದ್ದೂ ಅದೇ ಮನೆ. ಮಣಿಕಟ್ಟು ಮತ್ತು ಕೈ ಅಂತಿರುವ ಟಿ92.2ಕ್ಕೆ ಕಣ್ಣು ಮುಚ್ಚಿ ಹಾಕುವವರು ಜಾಸ್ತಿ. ಅದಕ್ಕೆ ಹಳದಿ ಮೂಲೆ ಕೊಡೋಣ ಅಂತಿದ್ದೇನೆ.